ನಕ್ಷೆಯಲ್ಲಿ ಮೇಲೆಂದರೆ ಯಾವ ದಿಕ್ಕು?

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯೊಳಗೆ ನಮಗೆ ಆ ಪುಸ್ತಕ ಸಿಕ್ಕಿದ್ದು 2002ರ ಕೊನೆಯಲ್ಲಿ. ರಕ್ಷಾಪುಟ ಹರಿದುಹೋಗಿತ್ತು. ಹಾಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ನಮಗೆ ಇಂದಿಗೂ ಗೊತ್ತಿಲ್ಲ. ದಕ್ಷಿಣದ ಬೆಟ್ಟಗಳಲ್ಲಿ ನಡೆಯುವವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಕೈಪಿಡಿ ಅದು. ಪ್ರತಿ ಅಧ್ಯಾಯದ ಕೊನೆಗೂ ಒಂದು ಪುಟ್ಟ ನಕ್ಷೆ ಇತ್ತು. ಅದರಲ್ಲಿ ಅಳತೆಯಿರಲಿಲ್ಲ, ಬೆಟ್ಟದ ಎತ್ತರ ತೋರಿಸುವ ಗೆರೆಗಳೂ ಇರಲಿಲ್ಲ. ಇದ್ದದ್ದು ಇಷ್ಟೇ: ಚುಕ್ಕಿ ಚುಕ್ಕಿಯಾಗಿ ಹೋಗುವ ದಾರಿ, ಅಲ್ಲಲ್ಲಿ ಒಂದು ಮರ, ಒಂದು ಮನೆ, ಒಂದು ನೀರಿನ ಗುರುತು. ಅಂಗಡಿಯವನು ಇಪ್ಪತ್ತೈದು ಕೇಳಿದ, ನಾವು ಹದಿನೈದು ಕೊಟ್ಟೆವು.

ನಾವು ಎಂದರೆ ನಾಲ್ವರು. ಚಿಕ್ಕಪೇಟೆಯ ಹಿಂದಿನ ಓಣಿಗಳಲ್ಲಿ ಒಟ್ಟಿಗೆ ಬೆಳೆದವರು, ಒಂದೇ ಉರ್ದು ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತವರು. ಮೂವರು ಮುಂದೆ ಕನ್ನಡ ಶಾಲೆಗೆ, ಆಮೇಲೆ ಕಾಲೇಜಿಗೆ ಹೋದೆವು. ಒಬ್ಬ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಒಬ್ಬ ಶಿಕ್ಷಕನಾಗಿದ್ದ, ಒಬ್ಬ ಕತೆ ಬರೆಯುವ ಹುಚ್ಚು ಹಿಡಿಸಿಕೊಂಡಿದ್ದ. ನಾಲ್ಕನೆಯವನು ಮಾತ್ರ ಅಬ್ಬಾ ತೀರಿಕೊಂಡ ಮೇಲೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟು, ಸೀರೆ ಅಂಗಡಿಗಳ ಗಂಟು ಹೊರುವ ಕೆಲಸಕ್ಕೆ ಸೇರಿದ್ದ. ಅರಬಿ ಅಕ್ಷರಗಳನ್ನು ಕೂಡಿಸಿಕೊಂಡು ಕುರ್‌ಆನ್ ಓದುತ್ತಿದ್ದ. ಕನ್ನಡ, ಇಂಗ್ಲಿಷ್ ಓದಲು ಅವನಿಗೆ ಬರುತ್ತಿರಲಿಲ್ಲ.

ಆದರೆ ಪೇಟೆಯೊಳಗೆ ಅವನಷ್ಟು ದಾರಿ ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಕರೆಂಟು ಹೋದ ರಾತ್ರಿಯಲ್ಲೂ ತಲೆಯ ಮೇಲೆ ಗಂಟು ಹೊತ್ತು ಮಾಮೂಲುಪೇಟೆಯಿಂದ ಬಳೆಪೇಟೆಗೆ, ಅಲ್ಲಿಂದ ಅಕ್ಕಿಪೇಟೆಗೆ ಎಲ್ಲಿಯೂ ಎಡವದೆ ಹೋಗಿಬರುತ್ತಿದ್ದ. ಪೇಟೆಯ ಬೀದಿಗಳಿಗೆ ನಕ್ಷೆ ಬೇಕಾಗಿರಲಿಲ್ಲ, ನಿಜ. ಅವುಗಳ ಹೆಸರೇ ನಕ್ಷೆ. ಅಕ್ಕಿ ಮಾರುವಲ್ಲಿ ಅಕ್ಕಿಪೇಟೆ, ಬಳೆ ಮಾರುವಲ್ಲಿ ಬಳೆಪೇಟೆ, ಅರಳೆ ಮಾರುವಲ್ಲಿ ಅರಳೆಪೇಟೆ, ಕುಂಬಾರರಿದ್ದಲ್ಲಿ ಕುಂಬಾರಪೇಟೆ. ಚಿಕ್ಕಪೇಟೆ ದೊಡ್ಡಪೇಟೆಗಳು ಕೂಡುವಲ್ಲಿ ಕೆಂಪೇಗೌಡರು ನೇಗಿಲು ಕಟ್ಟಿಸಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಓಡಿಸಿದರು, ಆ ಉತ್ತ ಸಾಲುಗಳೇ ಊರಿನ ಮೊದಲ ಬೀದಿಗಳಾದವು ಎಂದು ಹಿರಿಯರು ಹೇಳುತ್ತಾರೆ. ಅದು ಐತಿಹ್ಯವೇ ಇರಬಹುದು. ಆದರೆ ಬೆಂಗಳೂರಿನ ಮೊದಲ ನಕ್ಷೆಯನ್ನು ಕಾಗದದ ಮೇಲಲ್ಲ, ಮಣ್ಣಿನ ಮೇಲೆ ಬರೆದರು ಎಂಬ ಮಾತು ನಮಗೆ ಹಿತವಾಗಿ ಕೇಳುತ್ತಿತ್ತು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ಹಝ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದಲ್ಲ, ಆ ದಾರಿಯನ್ನು ಯಾವ ಕೈಪಿಡಿ ನೋಡಿ ನಡೆಯುತ್ತಾರೆ? ಕಾಲಿನಿಂದ ಕಾಲಿಗೆ ಬಂದ ದಾರಿ ಅದು.

ಇಷ್ಟೆಲ್ಲ ನೋಡುತ್ತ ಬೆಳೆದ ನಾವೇ, ಅಚ್ಚಾದ ಕಾಗದ ಕೈಗೆ ಬಂದಾಗ ಹೇಗಾದೆವು ಎಂಬುದನ್ನು ಹೇಳಲು ಹೊರಟಿದ್ದೇವೆ.

ಪುಸ್ತಕದಲ್ಲಿ ನಮಗೆ ಹಿಡಿಸಿದ ಅಧ್ಯಾಯ ಕುಮಾರಪರ್ವತದ್ದು. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿ, ಗಿರಿಗದ್ದೆಯಲ್ಲಿ ಒಂದು ರಾತ್ರಿ ಉಳಿದು, 1712 ಮೀಟರ್ ಎತ್ತರದ ಶಿಖರವನ್ನು ದಾಟಿ, ಆಚೆ ಕೊಡಗಿನ ಬೀಡಹಳ್ಳಿಗೆ ಇಳಿದು ಸೋಮವಾರಪೇಟೆ ಸೇರುವ ಎರಡು ದಿನದ ನಡಿಗೆ. ಹತ್ತಿದ ದಾರಿಯಲ್ಲೇ ಇಳಿಯುವುದಲ್ಲ, ಬೆಟ್ಟವನ್ನು ದಾಟಿ ಇನ್ನೊಂದು ಜಿಲ್ಲೆಗೆ ಹೋಗುವುದು. ಚಿಕ್ಕಪೇಟೆಯ ಓಣಿಗಳಲ್ಲಿ ಆಕಾಶವನ್ನು ಒಂದು ಗೇಣಿನಷ್ಟೇ ಕಂಡವರಿಗೆ ಅದು ದೊಡ್ಡ ಆಸೆ.

ಒಳ್ಳೆಯ ನಕ್ಷೆ ಯಾಕೆ ಕೊಳ್ಳಲಿಲ್ಲ ಎಂದು ಇಂದಿನ ಹುಡುಗರು ಕೇಳಬಹುದು. ಕೊಳ್ಳುವಂತಿರಲಿಲ್ಲ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದ ಪ್ರತಿಯೊಂದು ಗುಡ್ಡ, ಹಳ್ಳವನ್ನೂ ಅಳೆದು ನಕ್ಷೆ ಮಾಡಿತ್ತು. ಆದರೆ ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ಪ್ರದೇಶದ ವಿವರವಾದ ನಕ್ಷೆಗಳು ಆಗ ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. ನಮ್ಮ ಪಶ್ಚಿಮಘಟ್ಟದ ಬಹುಭಾಗ ಈ ಪಟ್ಟಿಯೊಳಗೇ ಬರುತ್ತಿತ್ತು. ವಿಚಿತ್ರವೆಂದರೆ, ಈ ದೊಡ್ಡ ಅಳತೆಯ ಕೆಲಸದ ಮೊದಲ ಗೆರೆಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಶುರುವಾದ ಮಹಾ ಸರ್ವೇಕ್ಷಣೆಗೆ ಅದು ಪೂರ್ವತಯಾರಿಯಂತಿತ್ತು. ಗೆದ್ದ ನಾಡನ್ನು ಆಳಲು ಬೇಕಾದ ನಕ್ಷೆ ಅದು. ಆಳುವವರು ಬದಲಾದರೂ ನಕ್ಷೆ ಬೀಗದೊಳಗೇ ಉಳಿದಿತ್ತು. ನಮ್ಮಂಥವರ ಪಾಲಿಗೆ ಉಳಿದದ್ದು ಹದಿನೈದು ರೂಪಾಯಿಯ ಚುಕ್ಕಿ ಗೆರೆ.

2003ರ ಜನವರಿಯ ಒಂದು ಶನಿವಾರ ರಾತ್ರಿ ಮೆಜೆಸ್ಟಿಕ್‌ನಿಂದ ಕುಕ್ಕೆಯ ಬಸ್ಸು ಹತ್ತಿದೆವು. ಭಾನುವಾರ ಪೇಟೆಗೆ ರಜೆ, ಸೋಮವಾರಕ್ಕೆ ನಾಲ್ವರೂ ಬೇರೆ ಬೇರೆ ಸುಳ್ಳು ಹೇಳಿದ್ದೆವು. ಚೀಲದಲ್ಲಿ ಅಮ್ಮಿ ಕಟ್ಟಿಕೊಟ್ಟ ರೊಟ್ಟಿ, ಖರ್ಜೂರ, ಒಂದು ಟಾರ್ಚು. ಶಿಕ್ಷಕ ಮಿತ್ರನ ಜೇಬಿನಲ್ಲಿ ಒಂದು ಕಿಬ್ಲಾ ದಿಕ್ಸೂಚಿ. ಹಜ್ಜಿಗೆ ಹೋಗಿಬಂದ ಚಿಕ್ಕಪ್ಪ ತಂದುಕೊಟ್ಟದ್ದು. ಅದರ ಜೊತೆಗೊಂದು ಬೆರಳುದ್ದದ ಪುಸ್ತಿಕೆ, ಅದರಲ್ಲಿ ಊರಿಗೊಂದು ಸಂಖ್ಯೆ. ಮುಳ್ಳನ್ನು ಆ ಸಂಖ್ಯೆಗೆ ಹೊಂದಿಸಿದರೆ ಕಿಬ್ಲಾದ ದಿಕ್ಕು ತಿಳಿಯುತ್ತದೆ. ನಮ್ಮ ಕಡೆಯಿಂದ ಮಕ್ಕಾ ನೇರ ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ.

ಮೊದಲ ದಿನ ಎಲ್ಲವೂ ಪುಸ್ತಕ ಹೇಳಿದಂತೆಯೇ ನಡೆಯಿತು. ದಟ್ಟ ಕಾಡಿನ ಏರು, ಭೀಮನ ಬಂಡೆ, ಆಮೇಲೆ ಕಾಡು ತೆರೆದು ಗಿರಿಗದ್ದೆಯ ಬಯಲು. ನಕ್ಷೆಯನ್ನು ಎದೆಗೆ ಹಿಡಿದರೆ ಕೆಳಗೆ ಕುಕ್ಕೆ, ಮೇಲೆ ಶಿಖರ. ಎಡಕ್ಕೆ ಬರೆದದ್ದು ಎಡಕ್ಕೇ ಬರುತ್ತಿತ್ತು, ಬಲಕ್ಕೆ ಬರೆದದ್ದು ಬಲಕ್ಕೇ. ನಾವು ಮೂವರು ಸರದಿಯಂತೆ ಪುಸ್ತಕ ಹಿಡಿದೆವು. ನಾಲ್ಕನೆಯವನ ಕೈಗೆ ಚೀಲ ಕೊಟ್ಟಿದ್ದೆವು. ಹೊರುವುದು ಅವನಿಗೆ ಅಭ್ಯಾಸ ಎಂದು ಯಾರೋ ನಕ್ಕರು, ಅವನೂ ನಕ್ಕ.

ಗಿರಿಗದ್ದೆಯ ಭಟ್ಟರ ಮನೆ ಆ ದಾರಿಯ ನಡಿಗೆಗಾರರಿಗೆಲ್ಲ ಗೊತ್ತಿರುವ ಆಸರೆ. ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕಿತು. ಹೆಸರು ಕೇಳಿದರೆ ಹೇಗೆ ಹೇಳುವುದು ಎಂದು ನಮ್ಮೊಳಗೇ ಒಂದು ಅಳುಕಿತ್ತು. ಅಲ್ಲಿ ಯಾರೂ ಹೆಸರು ಕೇಳಲಿಲ್ಲ, ಇನ್ನಷ್ಟು ಅನ್ನ ಬೇಕೇ ಎಂದಷ್ಟೇ ಕೇಳಿದರು. ಮುಂಜಾನೆ ಚಳಿಯಲ್ಲಿ ನಡುಗುತ್ತ ವುಝೂ ಮಾಡಿ, ಅಂಗಳದಾಚೆಯ ಹುಲ್ಲಿನ ಮೇಲೆ ಫಜ್ರ್ ನಮಾಝ್ ಮಾಡಿದೆವು. ಮುಖ ನಾವು ಹತ್ತಿ ಬಂದ ಕಣಿವೆಯ ಕಡೆಗಿತ್ತು. ಆಗ ಅದನ್ನು ನಾವು ಗಮನಿಸಲಿಲ್ಲ. ಗಮನಿಸಿದವನು ಒಬ್ಬನೇ.

ಕಲ್ಲುಮಂಟಪದ ಬಳಿ ನೀರು ತುಂಬಿಸಿಕೊಂಡು ಹುಲ್ಲುಗಾವಲಿನ ಏರು ಹತ್ತುವಾಗ ಸೂರ್ಯ ಎದುರಿನಿಂದ ಕಣ್ಣಿಗೆ ಹೊಡೆಯುತ್ತಿದ್ದ. ಶೇಷಪರ್ವತ ದಾಟುವಷ್ಟರಲ್ಲಿ ಮಂಜು ಇಳಿಯಿತು. ಶೋಲಾ ಕಾಡಿನ ತುಂಡೊಂದನ್ನು ಹಾದು, ಬಂಡೆಯ ಇಳಿಜಾರಿನಲ್ಲಿ ಕೈಕಾಲು ಊರಿ ಏರಿ, ಹನ್ನೊಂದರ ಸುಮಾರಿಗೆ ಶಿಖರ ಮುಟ್ಟಿದೆವು. ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಹುಲ್ಲಿನ ನಡುವೆ ನಾಲ್ಕೈದು ಕಾಲುಜಾಡುಗಳು ಬೇರೆ ಬೇರೆ ಕಡೆಗೆ ಹೋಗಿ ಮಂಜಿನಲ್ಲಿ ಮಾಯವಾಗಿದ್ದವು.

ಆಗ ನಮ್ಮ ಓದು ಕೆಲಸಕ್ಕೆ ಬಂತು. ನಕ್ಷೆಯ ಮೇಲ್ತುದಿ ಎಂದರೆ ಉತ್ತರ. ಇದು ಐದನೇ ತರಗತಿಯ ಭೂಗೋಳದ ಪಾಠ. ನಕ್ಷೆಯಲ್ಲಿ ಶಿಖರದಿಂದ ಬೀಡಹಳ್ಳಿಯ ದಾರಿ ನೇರ ಮೇಲಕ್ಕೆ ಹೋಗುತ್ತದೆ. ದಿಕ್ಸೂಚಿ ತೆಗೆದು ನೋಡಿದೆವು, ಉತ್ತರಕ್ಕೂ ಒಂದು ಜಾಡು ಇತ್ತು. ಇನ್ನೇನು ಬೇಕು? ಹೊರಟೆವು.

ನೂರು ಹೆಜ್ಜೆ ಇಳಿಯುವುದರೊಳಗೆ ನಾಲ್ಕನೆಯವನು ನಿಂತ. ಇದು ಜನ ನಡೆಯುವ ದಾರಿಯಲ್ಲ ಎಂದ. ನೆಲ ತೋರಿಸಿದ. ಜನ ನಡೆದಲ್ಲಿ ಬೀಡಿ ತುಂಡಿರುತ್ತದೆ, ಚಾಕಲೇಟಿನ ಕಾಗದವಿರುತ್ತದೆ, ಕಲ್ಲು ಸವೆದಿರುತ್ತದೆ, ಇಲ್ಲಿ ಏನಿದೆ ಎಂದು ಕೇಳಿದ. ಇದು ಕಡವೆಯ ದಾರಿಯೋ ಏನೋ ಎಂದ.

ನಮ್ಮಲ್ಲಿ ಒಬ್ಬ ತಿರುಗಿ ಹೇಳಿದ: “ನಕ್ಷೆ ಓದಲು ನಿನಗೆ ಬರುತ್ತದೆಯೇನು?”

ಯಾರು ಹೇಳಿದ್ದು ಎಂದು ಇಲ್ಲಿ ಬರೆಯುವುದಿಲ್ಲ. ಉಳಿದ ಇಬ್ಬರು ಸುಮ್ಮನಿದ್ದರು, ಆದ್ದರಿಂದ ಮೂವರೂ ಹೇಳಿದಂತೆಯೇ. ಇಷ್ಟು ಹೊತ್ತು ‘ನಾವು ನಾಲ್ವರು’ ಎಂದು ಬರೆಯುತ್ತ ಬಂದೆವು. ಆ ಕ್ಷಣದಲ್ಲಿ ‘ನಾವು’ ಎಂಬುದರೊಳಗೆ ಅವನಿರಲಿಲ್ಲ. ಅವನು ಏನೂ ಹೇಳಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಮ್ಮ ಹಿಂದೆ ಇಳಿದ.

ಜಾಡು ಕಡಿದಾಯಿತು, ಆಮೇಲೆ ಇಲ್ಲವಾಯಿತು. ಮೊಣಕಾಲೆತ್ತರದ ಹುಲ್ಲು ಎದೆಯೆತ್ತರವಾಯಿತು, ಹುಲ್ಲು ಮುಗಿದು ಬಳ್ಳಿ ತುಂಬಿದ ಕಾಡು ಬಂತು. ಲೆಕ್ಕ ಬರೆಯುವ ಮಿತ್ರ ಜಾರಿಬಿದ್ದು ಕಣಕಾಲು ಉಳುಕಿಸಿಕೊಂಡ. ಒಂದೂವರೆ ಗಂಟೆಯ ಹೊತ್ತಿಗೆ ಮುಂದೆ ಹೆಜ್ಜೆ ಇಡಲು ನೆಲವೇ ಕಾಣದ ಒಂದು ಅಂಚಿಗೆ ಬಂದು ನಿಂತೆವು. ಕೆಳಗೆಲ್ಲೋ ನೀರಿನ ಸದ್ದು. ನಮ್ಮ ಬಾಟಲಿಗಳಲ್ಲಿ ನೀರು ತಳಕ್ಕೆ ಬಂದಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಝುಹರ್ ಆಯಿತು, ನಮಾಝ್ ಮಾಡಿಬಿಡೋಣ ಎಂದ ನಾಲ್ಕನೆಯವನು. ನಿಜ ಹೇಳಬೇಕೆಂದರೆ ಅದು ಭಕ್ತಿಗಿಂತ ಹೆಚ್ಚಾಗಿ ಕುಳಿತುಕೊಳ್ಳಲು ಸಿಕ್ಕ ನೆಪವಾಗಿತ್ತು ನಮಗೆ. ಬಂಡೆಯ ಮೇಲೆ ತಯಮ್ಮುಮ್ ಮಾಡಿದೆವು. ಶಿಕ್ಷಕ ಮಿತ್ರ ದಿಕ್ಸೂಚಿ ಹೊಂದಿಸಿ ಕೈ ಚಾಚಿ ಕಿಬ್ಲಾ ತೋರಿಸಿದ. ಅವನ ಕೈ ನಮ್ಮ ಎಡಕ್ಕೆ ಚಾಚಿತ್ತು.

ನಾಲ್ಕನೆಯವನು ಸಲಾಮ್ ಹೇಳಿ ನಮಾಝ್ ಮುಗಿಸಿದ ಮೇಲೆ, ಯಾರನ್ನೂ ಉದ್ದೇಶಿಸದೆ, ತನಗೆ ತಾನೇ ಎಂಬಂತೆ ಹೇಳಿದ ಮಾತು ಇಷ್ಟು: ಬೆಳಿಗ್ಗೆ ಫಜ್ರ್‌ನಲ್ಲಿ ಕಿಬ್ಲಾಕ್ಕೆ ಮುಖ ಮಾಡಿದಾಗ ನಾವು ಬಂದ ದಾರಿ ಎದುರಿಗಿತ್ತು. ಅಂದರೆ ಕುಕ್ಕೆ ಇರುವುದು ಕಿಬ್ಲಾದ ಕಡೆಗೆ. ಮುಂದೆ ಹೋಗುವುದೆಂದರೆ ಕಿಬ್ಲಾಕ್ಕೆ ಬೆನ್ನು ಹಾಕಿ ಹೋಗುವುದು. ಈಗ ಕಿಬ್ಲಾ ಎಡಕ್ಕೆ ಹೇಗೆ ಬಂತು?

ಪುಸ್ತಕ ತೆರೆದು ನೋಡಿದೆವು. ಕುಕ್ಕೆ ಪುಟದ ಕೆಳಗಿದೆ. ಕುಕ್ಕೆ ಪಶ್ಚಿಮ ಎಂದಾದರೆ ಪುಟದ ಕೆಳಗು ಪಶ್ಚಿಮ, ಪುಟದ ಮೇಲ್ತುದಿ ಪೂರ್ವ. ಬೆಳಿಗ್ಗೆ ಸೂರ್ಯ ಕಣ್ಣಿಗೆ ಹೊಡೆದದ್ದು ಅದಕ್ಕೇ. ನಕ್ಷೆ ಬರೆದವನು ಉತ್ತರವನ್ನು ಮೇಲಿಟ್ಟು ಬರೆದಿರಲೇ ಇಲ್ಲ. ನಡೆಯುವವನ ಎದುರು ಯಾವುದೋ ಅದನ್ನು ಮೇಲಿಟ್ಟು ಬರೆದಿದ್ದ. ನಿನ್ನೆಯಿಡೀ ಎದೆಗೆ ಹಿಡಿದು ನಡೆದಂತೆ ಇಂದೂ ನಡೆದಿದ್ದರೆ ದಾರಿ ತಪ್ಪುತ್ತಿರಲಿಲ್ಲ. ಜಾಣತನ ತೋರಿಸಲು ಹೋಗಿ ತಪ್ಪಿದೆವು. ಆಮೇಲೆ ಮನೆಗೆ ಬಂದು ಉಳಿದ ಅಧ್ಯಾಯಗಳನ್ನು ನೋಡಿದಾಗ ಪ್ರತಿ ನಕ್ಷೆಯ ಮೂಲೆಯಲ್ಲೂ ಒಂದು ಬಾಣದ ಗುರುತು ಕಂಡಿತು. ನಮ್ಮ ಪುಟದ ಆ ಮೂಲೆ ಗೆದ್ದಲಿಗೆ ಆಹಾರವಾಗಿತ್ತು.

ಉಳುಕಿದ ಕಾಲಿನ ಮಿತ್ರನನ್ನು ಹಿಡಿದುಕೊಂಡು ಮತ್ತೆ ಶಿಖರ ಹತ್ತಲು ಎರಡು ಗಂಟೆ ಹಿಡಿಯಿತು. ಈ ಸಲ ಅವನು ಮುಂದೆ, ನಾವು ಹಿಂದೆ. ಚೀಲ ನಮ್ಮ ಹೆಗಲಿಗೆ ಬಂದಿತ್ತು. ಪೂರ್ವಕ್ಕೆ ಇಳಿಯುವ ಜಾಡಿನಲ್ಲಿ ಹತ್ತು ಮಾರು ಹೋಗುವುದರೊಳಗೆ ಅವನು ಬಗ್ಗಿ ಏನನ್ನೋ ಎತ್ತಿ ತೋರಿಸಿದ. ಬೀಡಿಯ ತುಂಡು.

ಕತ್ತಲಾದ ಮೇಲೆ ಬೀಡಹಳ್ಳಿಯ ದೀಪ ಕಂಡಿತು. ರಾತ್ರಿ ಒಂದು ಜಗಲಿಯ ಮೇಲೆ ಮಲಗಿ ಮರುದಿನ ಊರಿನ ಬಸ್ಸಿಗೆ ಕಾಯುತ್ತಿದ್ದಾಗ, ಒಂದು ಬಸ್ ನಿಲ್ದಾಣದಲ್ಲಿ ಅಧಿಕಾರದ ಧ್ವನಿಯ ವ್ಯಕ್ತಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಹೆಸರು ಕೇಳಿದರು. ಒಂದೊಂದೇ ಹೆಸರು ಕೇಳುತ್ತ ಹೋದಂತೆ ಪ್ರಶ್ನೆಗಳೂ ಹೆಚ್ಚಿದವು. ಕಾಡಿನಲ್ಲಿ ನಿಮಗೇನು ಕೆಲಸ? ನಕ್ಷೆ ಯಾಕೆ? ದಿಕ್ಸೂಚಿ ಯಾಕೆ? ದಿಕ್ಸೂಚಿ ನಮಾಝಿಗೆ ಎಂದೆವು. ಆ ಉತ್ತರ ನಮಗೆ ನೆರವಾದಂತೆ ಕಾಣಲಿಲ್ಲ. ಪುಸ್ತಕದ ಆ ಪುಟವನ್ನು ಅವರು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಇದೆಂಥ ನಕ್ಷೆ, ಇದರಲ್ಲಿ ಏನೂ ಇಲ್ಲವಲ್ಲ ಎಂದು ವಾಪಸು ಕೊಟ್ಟರು. ಬಸ್ಸಿನಲ್ಲಿ ಕುಳಿತ ಮೇಲೆ ನಮಗೆ ನಗು ಬಂತು, ಅದರ ಹಿಂದೆಯೇ ಬೆವರೂ ಬಂತು. ನಿಜವಾದ ನಕ್ಷೆ ನಮ್ಮಲ್ಲಿದ್ದಿದ್ದರೆ ಬೆಟ್ಟದ ಮೇಲೆ ದಾರಿ ಸಿಗುತ್ತಿತ್ತು, ಬಸ್ ನಿಲ್ದಾಣದಲ್ಲಿ ತಪ್ಪುತ್ತಿತ್ತು. ಅದೇ ಪುಸ್ತಕ ಇನ್ಯಾರದೋ ಕೈಯಲ್ಲಿದ್ದರೆ ಅವರು ಚಾರಣಿಗರು. ನಮ್ಮ ಕೈಯಲ್ಲಿದ್ದರೆ ಅದಕ್ಕೆ ವಿವರಣೆ ಬೇಕು. ಆ ಭಾರವನ್ನು ಅಂದಿನಿಂದ ಇಂದಿನವರೆಗೂ ಹೊರುತ್ತಿದ್ದೇವೆ, ಅದು ಹೊಸದೇನಲ್ಲ.

ಆದರೆ ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಓದಲು ಬಾರದವನೆಂದು ಒಬ್ಬನನ್ನು ಪಕ್ಕಕ್ಕಿಟ್ಟ ನಾವೇ, ಮರುದಿನ ಹೆಸರು ನೋಡಿ ನಮ್ಮನ್ನು ಪಕ್ಕಕ್ಕೆ ಕರೆದಾಗ ನೊಂದುಕೊಂಡೆವು. ಎರಡರ ನಡುವೆ ಇದ್ದದ್ದು ಒಂದು ರಾತ್ರಿಯ ಅಂತರ.

ಮುಂದೆ ಓದುತ್ತ ಹೋದಂತೆ ಒಂದು ವಿಷಯ ತಿಳಿಯಿತು. ನಕ್ಷೆಯ ಮೇಲ್ತುದಿ ಉತ್ತರ ಎಂಬುದು ಪ್ರಕೃತಿಯ ನಿಯಮವಲ್ಲ, ಒಂದು ರೂಢಿ ಅಷ್ಟೇ. 1154ರಲ್ಲಿ ಸಿಸಿಲಿಯ ದೊರೆ ರೋಜರನಿಗಾಗಿ ಅಲ್ ಇದ್ರೀಸಿ ಎಪ್ಪತ್ತು ಭಾಗಗಳಲ್ಲಿ ಬರೆದ ಜಗತ್ತಿನ ನಕ್ಷೆಯಲ್ಲಿ ದಕ್ಷಿಣವೇ ಮೇಲೆ. 1675ರಲ್ಲಿ ಇಂಗ್ಲೆಂಡಿನ ಜಾನ್ ಓಗಿಲ್ಬಿ ಪ್ರಯಾಣಿಕರಿಗಾಗಿ ನೂರು ಹಾಳೆಗಳ ರಸ್ತೆ ನಕ್ಷೆ ಅಚ್ಚು ಹಾಕಿದಾಗ, ದಾರಿಯನ್ನು ರಿಬ್ಬನ್ನಿನಂತೆ ಕೆಳಗಿನಿಂದ ಮೇಲಕ್ಕೆ ಬಿಡಿಸಿ, ಪಟ್ಟಿ ಪಟ್ಟಿಗೂ ಬೇರೆ ಬೇರೆಯಾಗಿ ದಿಕ್ಕು ಗುರುತಿಸಿದ. ಇನ್ನು ನಡಿಗೆಗಾರರ ನಡುವೆ ಹೆಸರಾದ ಆಲ್ಫ್ರೆಡ್ ವೇನ್‌ರೈಟ್ 1955ರಿಂದ 1966ರವರೆಗೆ ಇಂಗ್ಲೆಂಡಿನ ಸರೋವರ ಸೀಮೆಯ ಬೆಟ್ಟಗಳ ಬಗ್ಗೆ ಏಳು ಸಂಪುಟಗಳನ್ನು ಪ್ರತಿ ಅಕ್ಷರ, ಪ್ರತಿ ಗೆರೆಯನ್ನೂ ಕೈಯಲ್ಲೇ ಬರೆದು ಮಾಡಿದ. ಅವನ ಪುಟಗಳಲ್ಲೂ ಏರುವವನ ಕಣ್ಣೆದುರು ಇರುವುದೇ ಮೇಲೆ. ಅಂದರೆ ನಮ್ಮ ಹೆಸರಿಲ್ಲದ ಕೈಪಿಡಿಕಾರ ತಪ್ಪು ಮಾಡಿರಲಿಲ್ಲ. ಅವನದು ಕಾಲ್ನಡಿಗೆಯವನ ನಕ್ಷೆ. ನಾವು ಅದನ್ನು ಶಾಲೆಯ ಗೋಡೆಯ ನಕ್ಷೆಯಂತೆ ಓದಿದೆವು. ಬಲದಿಂದ ಎಡಕ್ಕೆ ಓದುವ ಉರ್ದುವನ್ನೂ ಎಡದಿಂದ ಬಲಕ್ಕೆ ಓದುವ ಕನ್ನಡವನ್ನೂ ಒಟ್ಟಿಗೆ ಕಲಿತ ನಮಗೆ, ಪುಟಕ್ಕೊಂದು ದಿಕ್ಕಿರುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಹೊಳೆಯಬೇಕಿತ್ತು.

ಈಗ ಕಾಲ ಬದಲಾಗಿದೆ. 2005ರ ರಾಷ್ಟ್ರೀಯ ನಕ್ಷೆ ನೀತಿ ಜನಸಾಮಾನ್ಯರಿಗೆಂದೇ ಬೇರೆ ಸರಣಿಯ ನಕ್ಷೆಗಳನ್ನು ಒದಗಿಸಿತು. 2017ರಲ್ಲಿ ಆಧಾರ್ ಸಂಖ್ಯೆ ಕೊಟ್ಟು 1:50,000 ಅಳತೆಯ ಹಾಳೆಗಳನ್ನು ಉಚಿತವಾಗಿ ಪಡೆಯುವ ವ್ಯವಸ್ಥೆ ಬಂತು. ನೆಲದ ಮೇಲಿನ ಒಂದು ಕಿಲೋಮೀಟರು ಆ ಹಾಳೆಯಲ್ಲಿ ಎರಡು ಸೆಂಟಿಮೀಟರು. 2021ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ಬೆಟ್ಟದಲ್ಲಿ ಈಗ ದಾರಿ ತಪ್ಪುವುದಕ್ಕಿಂತ ನೂಕುನುಗ್ಗಲಿನದೇ ತೊಂದರೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಆಮೇಲೆ ಆನ್‌ಲೈನಿನಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ತಂದಿತು. ನಮ್ಮ ಚಿಕ್ಕಪೇಟೆಯ ಅಡಿಯಲ್ಲಿ 2017ರ ಜೂನ್‌ನಿಂದ ಮೆಟ್ರೋ ಓಡುತ್ತಿದೆ. ಮೆಟ್ಟಿಲು ಹತ್ತಿ ಮೇಲೆ ಬಂದವರು ಫೋನಿನಲ್ಲಿ ನೀಲಿ ಚುಕ್ಕಿ ನೋಡುತ್ತ ನಿಲ್ಲುತ್ತಾರೆ. ಇಕ್ಕಟ್ಟಿನ ಓಣಿಯಲ್ಲಿ ಆ ಚುಕ್ಕಿ ಒಮ್ಮೊಮ್ಮೆ ಪಕ್ಕದ ಬೀದಿಗೆ ಹಾರಿಬಿಡುತ್ತದೆ. ಆಗ ಅವರು ತಲೆಯೆತ್ತಿ ಗಂಟು ಹೊತ್ತು ಹೋಗುವ ಯಾರನ್ನೋ ದಾರಿ ಕೇಳುತ್ತಾರೆ.

ಹಾಗೆ ಕೇಳಿಸಿಕೊಳ್ಳುವವರಲ್ಲಿ ನಮ್ಮ ಗೆಳೆಯನೂ ಒಬ್ಬ. ಈಗ ಗಂಟು ಹೊರುವುದು ಕಡಿಮೆ, ಒಂದು ತಳ್ಳುಗಾಡಿ ಇದೆ. ಕಳೆದ ಚಳಿಗಾಲದಲ್ಲಿ ನಮ್ಮ ಶಿಕ್ಷಕ ಮಿತ್ರನ ಮಗ ಸ್ನೇಹಿತರ ಜೊತೆ ಕುಮಾರಪರ್ವತಕ್ಕೆ ಹೊರಟ. ಚೀಟಿ, ದಾರಿ ಎಲ್ಲವೂ ಫೋನಿನಲ್ಲೇ ಇತ್ತು. ಹೊರಡುವ ಹಿಂದಿನ ದಿನ ಅವನನ್ನು ಕರೆದುಕೊಂಡು ನಾವು ಮೂವರೂ ತಳ್ಳುಗಾಡಿಯ ಬಳಿ ಹೋದೆವು. ಆ ದಾರಿಯ ಬಗ್ಗೆ ಕೇಳಬೇಕಾದದ್ದು ಇವರನ್ನು ಎಂದು ಹುಡುಗನಿಗೆ ಹೇಳಿದೆವು. ಅಂದು ಬೆಟ್ಟದ ಮೇಲೆ ನಡೆದದ್ದನ್ನೂ, ನಾವು ಆಡಿದ ಮಾತನ್ನೂ ಅವನೆದುರೇ ಹುಡುಗನಿಗೆ ಹೇಳಿದೆವು. ಇಪ್ಪತ್ತು ವರ್ಷಗಳಲ್ಲಿ ಆ ಮಾತನ್ನು ಎತ್ತಿದ್ದು ಅದೇ ಮೊದಲು.

ಗೆಳೆಯ ನಕ್ಕು ಗಾಡಿಯ ಹಗ್ಗ ಬಿಗಿಮಾಡಿದ. ಬೆಳಿಗ್ಗೆ ನಮಾಝ್ ಮಾಡುವಾಗ ಎದುರಿಗೇನಿದೆ ಎಂದು ನೋಡಿಟ್ಟುಕೋ ಬೇಟಾ ಎಂದಷ್ಟೇ ಹುಡುಗನಿಗೆ ಹೇಳಿದ.

ನಕ್ಷೆ ಎಂಬ ಮಾತು ಕನ್ನಡಕ್ಕೆ ಬಂದದ್ದು ಉರ್ದುವಿನ ನಕ್ಶಾದಿಂದ. ಅದೇ ಬೇರಿನ ಇನ್ನೊಂದು ಮಾತು ನಮ್ಮ ಮನೆಗಳಲ್ಲಿದೆ: ನಕ್ಶೆ ಕದಮ್, ಅಂದರೆ ಹೆಜ್ಜೆಗುರುತು. ಎರಡೂ ಭಾಷೆ ಓದಿದ ನಾವು ಮೊದಲನೆಯ ಅರ್ಥವನ್ನಷ್ಟೇ ಪುಸ್ತಕದಲ್ಲಿ ಹುಡುಕಿದೆವು. ಎರಡನೆಯದನ್ನು ನೆಲದಲ್ಲಿ ಓದಿ ತೋರಿಸಿದವನು ಈಗ ಗಾಡಿ ತಳ್ಳಿಕೊಂಡು ಸಂಜೆಯ ಜನಸಂದಣಿಯೊಳಗೆ ಬಳೆಪೇಟೆಯ ಕಡೆ ತಿರುಗಿದ. ನಾವು ಅವನ ಹಿಂದೆ ನಡೆದೆವು.